ಬಂದವರು ಕಟ್ಟಿದ ಊರು: ಶಾಂಘೈ

ಚೀನದ ಶಾಂಘೈ ನಗರವನ್ನು ನೋಡಹೋದವರು ಮೊದಲ ಸಂಜೆಯೇ ಹೋಗಿ ನಿಲ್ಲುವ ಸ್ಥಳವೆಂದರೆ ಹ್ವಾಂಗ್‌ಪು ನದಿಯ ಪಶ್ಚಿಮ ದಂಡೆಯ ‘ಬಂಡ್’. ಹೆಸರು ಕಿವಿಗೆ ಬಿದ್ದೊಡನೆ ಪುಣೆಯ ಕನ್ನಡಿಗರಿಗೆ ತಮ್ಮ ಬಂಡ್ ಗಾರ್ಡನ್ ನೆನಪಾಗದಿರದು. ಆ ನೆನಪು ತಪ್ಪೂ ಅಲ್ಲ. ನೀರಿಗೆ ಕಟ್ಟಿದ ಏರಿ, ಒಡ್ಡು ಎಂಬ ಅರ್ಥದ ‘ಬಂದ್’ ಎಂಬ ಪಾರಸಿ-ಹಿಂದುಸ್ತಾನಿ ಮಾತು ಇಂಗ್ಲಿಷರ ಬಾಯಲ್ಲಿ ‘ಬಂಡ್’ ಆಯಿತು; ಅವರ ಸರಕಿನ ಹಡಗುಗಳೊಡನೆ ಚೀನದ ದಡ ಸೇರಿ ಅಲ್ಲಿಯೇ ನೆಲೆಸಿತು. ಚೀನೀಯರು ಮಾತ್ರ ಅದನ್ನು ‘ವಾಯ್‌ಟಾನ್’, ಅಂದರೆ ಹೊರದಂಡೆ, ಎನ್ನುತ್ತಾರೆ. ಹೀಗೆ ಆ ಊರಿನ ಅತ್ಯಂತ ಪ್ರಸಿದ್ಧ ಬೀದಿಗೆ ಪರದೇಶಿಗಳು ಇಟ್ಟ ಹೆಸರು ನಮ್ಮ ದೇಶದಿಂದ ಹೋದದ್ದು. ಹೆಸರೊಂದೇ ಅಲ್ಲ, ಬೇರೆಯೂ ಹಲವು ಅಲ್ಲಿಗೆ ಹೋಗಿವೆ. ಆ ಬೀದಿಯ ಹಣ ಎಲ್ಲಿಂದ ಬಂತು, ಆ ಊರಿನ ಜನ ಎಲ್ಲಿಂದ ಬಂದರು ಎಂಬ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದರೆ, ಮುಂಬಯಿಯಂತಹ ನಗರಗಳಲ್ಲಿ ಬಾಳು ಕಟ್ಟಿಕೊಂಡವರಿಗೆ ಶಾಂಘೈ ಅಪರಿಚಿತವಾಗಿ ಉಳಿಯುವುದಿಲ್ಲ.

ಬಂಡ್‌ನ ಮೇಲೆ ನಿಂತವನ ಬೆನ್ನ ಹಿಂದೆ ಸುಮಾರು ಒಂದೂವರೆ ಕಿಲೊಮೀಟರು ಉದ್ದಕ್ಕೆ ಬ್ಯಾಂಕುಗಳು, ಹಡಗು ಕಂಪನಿಗಳು, ಕ್ಲಬ್ಬು, ಹೋಟೆಲುಗಳ ಕಲ್ಲಿನ ಕಟ್ಟಡಗಳ ಸಾಲು. ಕಂಬಗಳು, ಗುಮ್ಮಟಗಳು, ಗಡಿಯಾರದ ಗೋಪುರ. ಇವನ್ನು ನೋಡಿದರೆ ಮುಂಬಯಿಯ ಬಲ್ಲಾರ್ಡ್ ಎಸ್ಟೇಟಿನ ದೊಡ್ಡಣ್ಣನನ್ನು ಕಂಡಂತಾಗುತ್ತದೆ. ಎದುರಿಗೆ, ನದಿಯ ಆಚೆ, ಪುದೊಂಗ್. 1990ರ ಏಪ್ರಿಲಿನಲ್ಲಿ ಸರಕಾರವು ಅದರ ಅಭಿವೃದ್ಧಿಯನ್ನು ಘೋಷಿಸುವವರೆಗೆ ಗದ್ದೆ, ಗೋದಾಮು, ಹಡಗುಕಟ್ಟೆಗಳೇ ಹೆಚ್ಚಾಗಿದ್ದ ನೆಲವದು. ಇಂದು ಅಲ್ಲಿ 468 ಮೀಟರಿನ ದೂರದರ್ಶನ ಗೋಪುರ, 492 ಮೀಟರಿನ ವಿಶ್ವ ಹಣಕಾಸು ಕೇಂದ್ರ, 632 ಮೀಟರಿನ ಶಾಂಘೈ ಗೋಪುರ ಒಂದರ ಹೆಗಲಿಗೆ ಒಂದು ತಾಗುವಂತೆ ನಿಂತಿವೆ. ಕತ್ತಲಾದೊಡನೆ ಎರಡೂ ದಡಗಳಲ್ಲಿ ದೀಪ ಹತ್ತುತ್ತದೆ. ಪ್ರವಾಸಿಗಳಲ್ಲಿ ಬಹುಮಂದಿ ಹಳೆಯ ದಡಕ್ಕೆ ಬೆನ್ನು ಮಾಡಿ ಹೊಸ ದಡದ ಚಿತ್ರ ತೆಗೆದುಕೊಂಡು ಹೋಟೆಲಿಗೆ ಮರಳುತ್ತಾರೆ. ತಿರುಗಿ ನೋಡದವರಿಗೆ ಅರ್ಧ ಶಾಂಘೈ ತಪ್ಪಿಹೋಯಿತೆಂದೇ ಹೇಳಬೇಕು.

ಮಾರ್ಗದರ್ಶಿಗಳು ಹೇಳುವ ಒಂದು ಮಾತನ್ನು ಮೊದಲೇ ತಿದ್ದಿಕೊಳ್ಳುವುದು ಒಳ್ಳೆಯದು. ಶಾಂಘೈ ಬರಿಯ ಬೆಸ್ತರ ಹಳ್ಳಿಯಾಗಿತ್ತು, ಬಿಳಿಯರು ಬಂದು ಅದನ್ನು ನಗರ ಮಾಡಿದರು ಎನ್ನುವುದುಂಟು. ನಿಜಕ್ಕೂ ಅದು ಹದಿಮೂರನೆಯ ಶತಮಾನದ ಕೊನೆಯ ವೇಳೆಗೇ ಒಂದು ತಾಲ್ಲೂಕಿನ ಮುಖ್ಯಸ್ಥಳ; ಹತ್ತಿಯ ಬೆಳೆಗೂ ನೇಯ್ಗೆಗೂ ಹೆಸರಾದ ಸೀಮೆ. ಕಡಲ್ಗಳ್ಳರ ಕಾಟ ತಡೆಯಲು 1553ರಲ್ಲಿ ಊರಿಗೆ ಕೋಟೆ ಕಟ್ಟಿದ್ದರು. ಮುಂಬಯಿಯ ಕೋಟೆ ಹೋಗಿ ಹೆಸರು ಮಾತ್ರ ಉಳಿದಂತೆ ಅಲ್ಲಿಯೂ 1912ರಿಂದ ಮುಂದೆ ಗೋಡೆಯನ್ನು ಕೆಡವಿ, ಅದರ ಜಾಡಿನಲ್ಲೇ ವರ್ತುಲಾಕಾರದ ರಸ್ತೆ ಮಾಡಿದರು. ಆ ರಸ್ತೆಯ ಕಡೆಗೆ ಮುಂದೆ ಬರೋಣ.

ಬಂಡ್‌ನ ಕಥೆ ಆರಂಭವಾಗುವುದು ಯುದ್ಧದಿಂದ, ಯುದ್ಧ ನಡೆದದ್ದು ಅಫೀಮಿನಿಂದ. ಚೀನದ ಚಹಾ, ರೇಷ್ಮೆಗಳನ್ನು ಕೊಳ್ಳಲು ಬ್ರಿಟಿಷರ ಬಳಿ ಬೆಳ್ಳಿ ಸಾಲದಾದಾಗ, ಚೀನೀಯರು ಕೊಳ್ಳುವಂಥ ಸರಕೊಂದು ಬೇಕಾಯಿತು. ಬಿಹಾರ, ಬನಾರಸ್ ಸೀಮೆಯ ಅಫೀಮು ಕಲ್ಕತ್ತೆಯಿಂದಲೂ, ಮಾಳವದ ಅಫೀಮು ಮುಂಬಯಿಯಿಂದಲೂ ಹಡಗೇರಿತು. ಮಾಳವದ ಸರಕು ದೇಶೀಯ ಸಂಸ್ಥಾನಗಳಲ್ಲಿ ಬೆಳೆದದ್ದು. ಅದು ಮುಂಬಯಿ ಬಂದರನ್ನು ಸೇರಬೇಕಾದರೆ ಪೆಟ್ಟಿಗೆಗೆ ಇಷ್ಟೆಂದು ಕಂಪನಿ ಸರಕಾರಕ್ಕೆ ರಹದಾರಿ ಸುಂಕ ಕಟ್ಟಬೇಕಾಗಿತ್ತು. ರೈತ, ಸಾಹುಕಾರ, ಸಂಸ್ಥಾನ, ಸರಕಾರ, ಹಡಗಿನ ಒಡೆಯ, ವಿಮೆಯವ, ಹುಂಡಿ ಬರೆಯುವವ ಎಲ್ಲರಿಗೂ ಪಾಲು ಸಂದ ವ್ಯಾಪಾರ ಅದು. ನಷ್ಟದ ಬಾಬತ್ತು ಮಾತ್ರ ಪೂರ್ತಿಯಾಗಿ ಚೀನದ ಖಾತೆಗೆ ಬಿತ್ತು. 1839ರಲ್ಲಿ ಲಿನ್ ಜೆಶೂ ಎಂಬ ನಿಷ್ಠುರ ಅಧಿಕಾರಿ ಕ್ಯಾಂಟನ್ನಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿಸಿದ. ಅದೇ ನೆಪವಾಗಿ ಬ್ರಿಟನ್ ಯುದ್ಧ ಹೂಡಿತು. 1842ರ ನಾನ್‌ಜಿಂಗ್ ಒಪ್ಪಂದದಂತೆ ಚೀನವು 2 ಕೋಟಿ 10 ಲಕ್ಷ ಬೆಳ್ಳಿ ಡಾಲರು ದಂಡ ತೆತ್ತು, ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟು, ಐದು ಬಂದರುಗಳನ್ನು ಪರದೇಶಿಗಳಿಗೆ ತೆರೆಯಿತು. ಅವುಗಳಲ್ಲಿ ಒಂದು ಶಾಂಘೈ. 1843ರ ನವೆಂಬರಿನಲ್ಲಿ ಅದರ ಬಾಗಿಲು ತೆರೆಯಿತು. ಕೆಲವೇ ವರ್ಷಗಳಲ್ಲಿ ಬ್ರಿಟಿಷರ ವಸತಿ, ಫ್ರೆಂಚರ ವಸತಿ, ಅಮೆರಿಕನರ ವಸತಿ ಎಂದು ಕೋಟೆಯ ಹೊರಗಿನ ನೆಲ ಹಂಚಿಹೋಯಿತು. ಅಲ್ಲಿ ಚೀನದ ಕಾಯಿದೆ ಪರದೇಶಿಯನ್ನು ಮುಟ್ಟುವಂತಿರಲಿಲ್ಲ. 1863ರಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಸತಿಗಳು ಕೂಡಿ ಅಂತರರಾಷ್ಟ್ರೀಯ ವಸತಿಯಾಯಿತು. ಫ್ರೆಂಚರು ಪ್ರತ್ಯೇಕವಾಗಿಯೇ ಉಳಿದರು. ಈ ಏರ್ಪಾಡು ಮುಗಿದದ್ದು ನೂರು ವರ್ಷಗಳ ನಂತರ, 1943ರಲ್ಲಿ.

ಇಲ್ಲಿ ಮುಂಬಯಿಯ ಪಾಲನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸರ್ ಜಮಶೇಟ್‌ಜಿ ಜೀಜೀಭಾಯಿಯವರ ಸಂಪತ್ತಿನ ದೊಡ್ಡ ಭಾಗ ಹತ್ತಿ ಮತ್ತು ಅಫೀಮಿನ ಚೀನೀ ವ್ಯಾಪಾರದಿಂದ ಬಂದದ್ದು. 1845ರಲ್ಲಿ ಬಾಗಿಲು ತೆರೆದ ಜೆ.ಜೆ. ಆಸ್ಪತ್ರೆ ಅವರ ದಾನದ ಫಲ. ಅಲ್ಲಿ ಗುಣಹೊಂದಿ ಮನೆಗೆ ಮರಳಿದ ಕನ್ನಡಿಗರು ಎಷ್ಟು ಮಂದಿಯೋ! ಬಾಗ್ದಾದಿನಿಂದ 1832ರಲ್ಲಿ ಮುಂಬಯಿಗೆ ವಲಸೆ ಬಂದ ಯಹೂದಿ ವರ್ತಕ ಡೇವಿಡ್ ಸಸೂನ್ 1844ರಲ್ಲಿ ತನ್ನ ಮಗ ಎಲಿಯಾಸ್‌ನನ್ನು ಚೀನಕ್ಕೆ ಕಳಿಸಿದ. ಮೂರು ದಶಕಗಳೊಳಗೆ ಭಾರತದ ಅಫೀಮಿನ ವ್ಯಾಪಾರದಲ್ಲಿ ಸಸೂನರದೇ ಮೇಲುಗೈ. ಪುಣೆಯ ಸಸೂನ್ ಆಸ್ಪತ್ರೆ, ಕಾಲಾ ಘೋಡಾದ ಡೇವಿಡ್ ಸಸೂನ್ ವಾಚನಾಲಯ, ಕೊಲಾಬಾದ ಸಸೂನ್ ಡಾಕ್ ಇವೆಲ್ಲ ಆ ಮನೆತನದ ಹೆಸರು ಹೊತ್ತವು. ಒಂದು ಊರಿನಲ್ಲಿ ರೋಗಕ್ಕೆ ಮದ್ದು ಕೊಟ್ಟ ಹಣ ಇನ್ನೊಂದು ಊರಿನಲ್ಲಿ ರೋಗ ಹಂಚಿ ಗಳಿಸಿದ್ದು. ದಾನಿಗಳ ಔದಾರ್ಯ ಸುಳ್ಳಲ್ಲ. ಆದರೆ ಆರೋಗ್ಯದ ವಿಚಾರ ಮಾತನಾಡುವಾಗ ಈ ಜಮಾ-ಖರ್ಚಿನ ಎರಡೂ ಪುಟಗಳನ್ನು ತೆರೆದಿಡುವುದು ನ್ಯಾಯ. ಬಂಗಾಳದ ಇಪ್ಪತ್ತರ ಹರೆಯದ ತರುಣನೊಬ್ಬ 1881ರಲ್ಲಿಯೇ ‘ಭಾರತಿ’ ಪತ್ರಿಕೆಯಲ್ಲಿ ಇದನ್ನು ಚೀನದಲ್ಲಿ ನಡೆಸುವ ಸಾವಿನ ವ್ಯಾಪಾರವೆಂದು ಖಂಡಿಸಿ ಬರೆದಿದ್ದ. ಆತ ರವೀಂದ್ರನಾಥ ಠಾಕೂರ್. 1924ರಲ್ಲಿ ಅವರು ಶಾಂಘೈಗೆ ಬಂದಿಳಿದಾಗ ಚೀನೀ ಸಾಹಿತಿಗಳು ಆದರದಿಂದ ಎದುರುಗೊಂಡರು. ಅವರ ಪುತ್ಥಳಿಯೊಂದು 2010ರಿಂದ ಮಾವ್‌ಮಿಂಗ್ ರಸ್ತೆಯ ಬದಿಯಲ್ಲಿದೆ. ಅನಾವರಣ ಮಾಡಿದವರು ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು.

ಬಂಡ್‌ನ ಉತ್ತರ ಭಾಗದಲ್ಲಿ, ನಾನ್‌ಜಿಂಗ್ ರಸ್ತೆ ಕೂಡುವೆಡೆ, ಹಸಿರು ಪಿರಮಿಡ್ಡಿನ ಚಾವಣಿ ಹೊತ್ತ ಕಟ್ಟಡ ಕಾಣುತ್ತದೆ. 1929ರಲ್ಲಿ ಪೂರ್ತಿಯಾದ ಇದು ಸಸೂನ್ ಹೌಸ್. ಅದರೊಳಗೆ ಕ್ಯಾಥೇ ಹೋಟೆಲು. ಕಟ್ಟಿಸಿದವನು ವಿಕ್ಟರ್ ಸಸೂನ್. ಮುಂಬಯಿಯಲ್ಲಿ ಗಿರಣಿಗಳ ಒಡೆಯನಾಗಿದ್ದು, ದೆಹಲಿಯ ಶಾಸನಸಭೆಯಲ್ಲಿಯೂ ಕುಳಿತಿದ್ದ ಈತ ತನ್ನ ಬಂಡವಾಳವನ್ನು ಮುಂಬಯಿಯಿಂದ ತೆಗೆದು ಶಾಂಘೈಯ ನೆಲದಲ್ಲಿ ಹೂಡಿದ. ಮನೆತನದ ಜೇಕಬ್ ಸಸೂನ್ ಗಿರಣಿಯೇ ಮುಂದೆ ಇಂಡಿಯಾ ಯುನೈಟೆಡ್ ಮಿಲ್ ಎನಿಸಿದ್ದು. ಕ್ಯಾಥೇ ಹೋಟೆಲು 1956ರಲ್ಲಿ ‘ಶಾಂತಿ ಹೋಟೆಲ್’ ಎಂಬ ಹೆಸರಿನಿಂದ ಪುನಃ ತೆರೆದು ಇಂದಿಗೂ ನಡೆಯುತ್ತಿದೆ. ಅದರ ಎದುರು ಮೂಲೆಯಲ್ಲಿರುವ ಕೆಂಪು-ಬಿಳಿ ಇಟ್ಟಿಗೆಯ ಹಳೆಯ ಪ್ಯಾಲೇಸ್ ಹೋಟೆಲಿಗೆ ಬಹುಮಂದಿ ಲಕ್ಷ್ಯ ಕೊಡುವುದಿಲ್ಲ. 1909ರ ಫೆಬ್ರವರಿಯಲ್ಲಿ ಹದಿಮೂರು ರಾಷ್ಟ್ರಗಳ ಪ್ರತಿನಿಧಿಗಳು ಅಂತರರಾಷ್ಟ್ರೀಯ ಅಫೀಮು ಆಯೋಗವಾಗಿ ಸಭೆ ಸೇರಿದ್ದು ಅಲ್ಲಿಯೇ. ಮಾದಕ ದ್ರವ್ಯಗಳನ್ನು ಜಗತ್ತೇ ಕೂಡಿ ಹತೋಟಿಗೆ ತರುವ ಪ್ರಯತ್ನದ ಮೊದಲ ಹೆಜ್ಜೆ ಅದು. ಅಫೀಮಿನ ಹಡಗುಗಳು ಲಂಗರು ಹಾಕುತ್ತಿದ್ದ ನದಿಯ ದಂಡೆಯಲ್ಲೇ ಆ ಹೆಜ್ಜೆ ಇಟ್ಟದ್ದು ಯೋಗ್ಯವೇ ಆಯಿತು.

ಬ್ಯಾಂಕಿನ ವ್ಯವಹಾರದಲ್ಲಿ ಆಸಕ್ತಿಯುಳ್ಳವರು ದಕ್ಷಿಣಕ್ಕೆ ಸ್ವಲ್ಪ ನಡೆದು ಎರಡು ಕಟ್ಟಡಗಳನ್ನು ತಪ್ಪದೆ ನೋಡಬೇಕು. ಒಂದು, ಹಿಂದಿನ ಚಾರ್ಟರ್ಡ್ ಬ್ಯಾಂಕಿನದು. ಅದರ ಪೂರ್ತಿ ಹೆಸರೇ ‘ಭಾರತ, ಆಸ್ಟ್ರೇಲಿಯ ಮತ್ತು ಚೀನದ ಚಾರ್ಟರ್ಡ್ ಬ್ಯಾಂಕ್’. ಕಲ್ಕತ್ತೆ, ಮುಂಬಯಿ, ಶಾಂಘೈ ಈ ಮೂರೂ ಕಡೆ ಅದು ಶಾಖೆ ತೆರೆದದ್ದು ಒಂದೇ ವರ್ಷ, 1858ರಲ್ಲಿ. ಇನ್ನೊಂದು, ಗುಮ್ಮಟದ ಹಾಂಗ್‌ಕಾಂಗ್ ಮತ್ತು ಶಾಂಘೈ ಬ್ಯಾಂಕು. 1865ರಲ್ಲಿ ಹುಟ್ಟಿದ ಆ ಬ್ಯಾಂಕಿನ ಸ್ಥಾಪಕ ಸಮಿತಿಯಲ್ಲಿ ಪಾರಸಿ ವರ್ತಕರೂ ಸಸೂನರ ಪ್ರತಿನಿಧಿಯೂ ಇದ್ದರು. 1923ರಲ್ಲಿ ಕಟ್ಟಿದ ಈ ಭವನದ ಎಂಟು ಮೂಲೆಯ ಪ್ರವೇಶ ಮಂಟಪದಲ್ಲಿ ತಲೆಯೆತ್ತಿದರೆ, ಬಣ್ಣದ ಚೂರುಗಳನ್ನು ಜೋಡಿಸಿ ಬಿಡಿಸಿದ ಎಂಟು ನಗರಗಳ ಚಿತ್ರಗಳು: ಲಂಡನ್, ಪ್ಯಾರಿಸ್, ನ್ಯೂಯಾರ್ಕ್, ಟೋಕಿಯೊ, ಬ್ಯಾಂಕಾಕ್, ಹಾಂಗ್‌ಕಾಂಗ್, ಶಾಂಘೈ, ಎಂಟನೆಯದು ನಮ್ಮ ಕಲ್ಕತ್ತೆ! 1949ರ ಕ್ರಾಂತಿಯ ಬಳಿಕ ಈ ಭವನ ನಗರ ಸರಕಾರದ ಕಚೇರಿಯಾದಾಗ ಸಾಮ್ರಾಜ್ಯಶಾಹಿಯ ಈ ಚಿತ್ರಗಳನ್ನು ಒಡೆದು ಹಾಕಲಿಲ್ಲ, ಮೇಲೊಂದು ಲೇಪ ಬಳಿದು ಮುಚ್ಚಿದರು. 1997ರಲ್ಲಿ ಪುದೊಂಗ್ ಅಭಿವೃದ್ಧಿ ಬ್ಯಾಂಕು ಇಲ್ಲಿಗೆ ಬಂದು ದುರಸ್ತಿ ನಡೆಸುವಾಗ ಅವು ಪುನಃ ಬೆಳಕು ಕಂಡವು. ಪುತ್ಥಳಿಗಳನ್ನು ಕೀಳುವುದು, ಬೀದಿಯ ಹೆಸರು ಬದಲಿಸುವುದು ಇವಷ್ಟರಲ್ಲೇ ಇತಿಹಾಸ ತೀರಿತೆಂದು ಭಾವಿಸುವವರಿಗೆ ಈ ಚಾವಣಿ ತೋರಿಸುವಂಥದು.

ಪಕ್ಕದ ಸುಂಕದ ಭವನದ ಗಡಿಯಾರಕ್ಕೂ ಇಂಥದೇ ಚರಿತ್ರೆಯಿದೆ. 1927ರಲ್ಲಿ ಕಟ್ಟಿದಾಗ ಅದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಾದವನ್ನೇ ಬಾರಿಸುತ್ತಿತ್ತು. ಸಾಂಸ್ಕೃತಿಕ ಕ್ರಾಂತಿಯ ಕಾಲಕ್ಕೆ ‘ಪೂರ್ವವು ಕೆಂಪಾಗಿದೆ’ ಎಂಬ ಗೀತೆಯ ನಾದ ಬಂತು. 1986ರಲ್ಲಿ ಇಂಗ್ಲೆಂಡಿನ ರಾಣಿ ಭೇಟಿಯಿತ್ತಾಗ ಹಳೆಯದು ಮರಳಿತು; ಈಗ ಪುನಃ ‘ಪೂರ್ವವು ಕೆಂಪಾಗಿದೆ’. ಗಡಿಯಾರ ಮಾತ್ರ ಅದೇ.

ಬಂಡ್‌ನ ಉತ್ತರ ತುದಿಯಲ್ಲಿ ಹ್ವಾಂಗ್‌ಪು ಉದ್ಯಾನವಿದೆ. 1868ರಲ್ಲಿ ತೆರೆದ ಈ ಸಾರ್ವಜನಿಕ ಉದ್ಯಾನಕ್ಕೆ ಚೀನೀಯರಿಗೆ ಅರುವತ್ತು ವರ್ಷ, 1928ರವರೆಗೆ, ಪ್ರವೇಶವಿರಲಿಲ್ಲ. ‘ಚೀನೀಯರಿಗೂ ನಾಯಿಗಳಿಗೂ ಪ್ರವೇಶವಿಲ್ಲ’ ಎಂಬ ಫಲಕವಿತ್ತೆಂದು ಎಲ್ಲೆಡೆ ಹೇಳುತ್ತಾರೆ. ಉದ್ಯಾನದ ನಿಯಮಗಳಲ್ಲಿ ಅದು ಒಂದೇ ವಾಕ್ಯವಾಗಿರಲಿಲ್ಲ. ಉದ್ಯಾನ ಪರದೇಶೀ ಸಮಾಜಕ್ಕೆ ಮೀಸಲು ಎಂಬುದು ಒಂದು ನಿಯಮ, ನಾಯಿ ಮತ್ತು ಸೈಕಲ್ಲುಗಳಿಗೆ ಪ್ರವೇಶವಿಲ್ಲ ಎಂಬುದು ಇನ್ನೊಂದು. ಅವಮಾನ ಅದರಿಂದ ಕಡಿಮೆಯಾಗಲಿಲ್ಲ. ಉದ್ಯಾನದ ಖರ್ಚು ನಡೆಸುತ್ತಿದ್ದ ಮುನಿಸಿಪಲ್ ಸಭೆಗೆ ಕರ ಕಟ್ಟುವವರಲ್ಲಿ ಚೀನೀಯರೇ ಬಹುಸಂಖ್ಯಾತರು. ಅವರಿಗೆ ಆ ಸಭೆಯಲ್ಲಿ ಮೊದಲ ಮೂರು ಸ್ಥಾನಗಳು ಸಿಕ್ಕಿದ್ದು ಕೂಡ 1928ರಲ್ಲಿಯೇ.

ಈ ಅನ್ಯಾಯವನ್ನು ಕಾಯ್ದು ನಿಂತವರಲ್ಲಿ ನಮ್ಮವರೂ ಇದ್ದರು. 1880ರ ದಶಕದಿಂದ ಅಂತರರಾಷ್ಟ್ರೀಯ ವಸತಿಯ ಪೊಲೀಸು ಪಡೆಗೆ ಪಂಜಾಬಿನ ಸಿಖ್ಖರನ್ನು ಸೇರಿಸಿಕೊಂಡರು. ಬಡ ರೈತನ ಮಗನಿಗೆ ಅದು ಹೊಟ್ಟೆಪಾಡು. ಬೀದಿಯ ಚೀನೀಯನಿಗೆ ಕಾಣುತ್ತಿದ್ದುದು ಕೆಂಪು ಪೇಟ ಮತ್ತು ಲಾಠಿ. 1925ರ ಮೇ 30ರಂದು ನಾನ್‌ಜಿಂಗ್ ರಸ್ತೆಯಲ್ಲಿ ಮೆರವಣಿಗೆಯ ಮೇಲೆ ಬ್ರಿಟಿಷ್ ಅಧಿಕಾರಿಯ ಆಜ್ಞೆಯಂತೆ ಗುಂಡು ಹಾರಿಸಿದ ಪೊಲೀಸರಲ್ಲಿ ಸಿಖ್ಖರೂ ಇದ್ದರು, ಚೀನೀಯರೂ ಇದ್ದರು. ಸಿಖ್ಖರು 1908ರಲ್ಲಿ ಕಟ್ಟಿಕೊಂಡ ಗುರುದ್ವಾರದ ಕಟ್ಟಡ ಊರಿನ ಉತ್ತರ ಭಾಗದ ಬೀದಿಯೊಂದರಲ್ಲಿದೆ. ಅದು ಎಂದೋ ಬೇರೆಯವರ ವಸತಿಯಾಗಿದೆ.

ಬಂಡ್‌ನ ಕಲ್ಲುಗಳು ಹೇಳುವ ಕಥೆ ಇಷ್ಟು. ಆದರೆ ಅಲ್ಲಿ ವಾಸವಾಗಿದ್ದ ಪರದೇಶಿಗಳು ಊರಿನ ಜನಸಂಖ್ಯೆಯಲ್ಲಿ ಬೆರಳೆಣಿಕೆಯಷ್ಟು. ಹಾಗಾದರೆ ಊರು ತುಂಬಿದವರು ಯಾರು? 1853ರಲ್ಲಿ ದಂಗೆಕೋರರು ಕೋಟೆಯೊಳಗಿನ ಊರನ್ನು ಹಿಡಿದಾಗ ಸಾವಿರಾರು ಚೀನೀಯರು ಪ್ರಾಣಭಯದಿಂದ ಪರದೇಶಿಗಳ ವಸತಿಗೆ ಓಡಿಬಂದರು. ಪರದೇಶಿ ಭೂಮಾಲಿಕರಿಗೆ ಇದೊಂದು ಸುಗ್ಗಿ. ಗೋಡೆಗೆ ಗೋಡೆ ತಾಗಿಸಿ ಸಾಲು ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ಮುಂದೆ ಅದೇ ‘ಶಿಕುಮೆನ್’, ಅಂದರೆ ಕಲ್ಲಿನ ಬಾಗಿಲುವಾಡದ ಮನೆಗಳ ಓಣಿಯಾಗಿ ಬೆಳೆಯಿತು. ಒಂದು ಸಂಸಾರಕ್ಕೆಂದು ಕಟ್ಟಿದ ಮನೆಯಲ್ಲಿ ನಾಲ್ಕಾರು ಸಂಸಾರ, ಮೆಟ್ಟಿಲ ಕೆಳಗೊಂದು ಬಿಡಾರ, ಸಾಮೂಹಿಕ ಅಡಿಗೆಮನೆ, ನಲ್ಲಿಯ ಮುಂದೆ ಜಗಳ: ಗಿರಗಾಂವದ ಚಾಳನ್ನು ಬಲ್ಲವರಿಗೆ ಹೆಚ್ಚಿನ ವರ್ಣನೆ ಬೇಕಿಲ್ಲ. ಇಂಥ ಓಣಿಗಳಲ್ಲಿ ಬಹಳಷ್ಟು ಈಗ ನೆಲಸಮವಾಗಿವೆ. ಶಿನ್‌ತಿಯಾನ್‌ದಿ ಎಂಬ ಭಾಗದಲ್ಲಿ ಉಳಿಸಿದವು ದುಬಾರಿ ಕಾಫಿ ಅಂಗಡಿಗಳಾಗಿವೆ. ಅಲ್ಲಿಯೇ ಒಂದು ಮನೆಯಲ್ಲಿ 1921ರ ಜುಲೈಯಲ್ಲಿ ಚೀನದ ಕಮ್ಯೂನಿಸ್ಟ್ ಪಕ್ಷದ ಮೊದಲ ಅಧಿವೇಶನ ನಡೆದದ್ದು. ಆ ಮನೆ ಸ್ಮಾರಕವಾಗಿದೆ.

ಹೀಗೆ ಬಂದವರು ಊರೂರಿನವರು. ಹೊಸ ನಗರದಲ್ಲಿ ಅವರು ಕೈಹಿಡಿದದ್ದು ತಮ್ಮ ಊರಿನವರನ್ನು. ಶಾಂಘೈಯಲ್ಲಿ ಒಂದೊಂದು ಪ್ರಾಂತದವರಿಗೆ, ಒಂದೊಂದು ಜಿಲ್ಲೆಯವರಿಗೆ ಒಂದೊಂದು ಸಂಘ. ಪರಸ್ಥಳದಲ್ಲಿ ಕನ್ನಡ ಸಂಘ ಕಟ್ಟಿ, ರಾತ್ರಿಶಾಲೆ ನಡೆಸಿ, ವರ್ಷಕ್ಕೊಂದು ಸಂಚಿಕೆ ತರುವವರು ಈ ಭಾಗವನ್ನು ನಿಧಾನವಾಗಿ ಓದಬೇಕು.

ಕೋಟೆಯ ಜಾಡಿನಲ್ಲಿ ಸುತ್ತುವ ರಸ್ತೆಯ ಉತ್ತರಾರ್ಧಕ್ಕೆ ರೆನ್‌ಮಿನ್ ರಸ್ತೆಯೆಂದು ಹೆಸರು. ಬಂಡ್‌ನಿಂದ ಅಲ್ಲಿಗೆ ನಡೆದೇ ಹೋಗಬಹುದು. ಆ ರಸ್ತೆಯ ಬದಿಯಲ್ಲಿ, ಎತ್ತರದ ಕಟ್ಟಡಗಳ ನಡುವೆ ಒಂಟಿಯಾಗಿ ಒಂದು ಹಳೆಯ ಹೆಬ್ಬಾಗಿಲು ನಿಂತಿದೆ. ಒಳಗಿದ್ದ ಕಟ್ಟಡಗಳು ಹೋಗಿವೆ. ಇದು ‘ಸಿಮಿಂಗ್ ಗೊಂಗ್‌ಸ್ವೊ’, ನಿಂಗ್‌ಬೋ ಊರಿನವರ ಸಂಘದ ಬಾಗಿಲು. ನಿಂಗ್‌ಬೋ ಎಂಬುದು ಶಾಂಘೈಯ ದಕ್ಷಿಣಕ್ಕೆ ಕೊಲ್ಲಿಯಾಚೆಯ ಬಂದರು. ಅಲ್ಲಿಂದ ವ್ಯಾಪಾರಕ್ಕೆ ಬಂದವರು 1797ರಲ್ಲಿ, ಅಂದರೆ ಬ್ರಿಟಿಷರು ಬರುವುದಕ್ಕೆ ಸುಮಾರು ಅರ್ಧ ಶತಮಾನದ ಮುಂಚೆ, ಈ ಸಂಘವನ್ನು ಸ್ಥಾಪಿಸಿದರು. ಅದರ ಮೊದಲ ಕೆಲಸ ಸತ್ತವರದು. ಪರಊರಿನಲ್ಲಿ ಕಣ್ಣುಮುಚ್ಚಿದವನ ದೇಹವನ್ನು ಶವಪೆಟ್ಟಿಗೆಯಲ್ಲಿಟ್ಟು ಕಾಯ್ದು, ಅನುಕೂಲವಾದಾಗ ಹಡಗಿನಲ್ಲಿ ಹುಟ್ಟೂರಿಗೆ ಕಳಿಸುವುದು. ಅದಕ್ಕೂ ಗತಿಯಿಲ್ಲದ ಬಡವನಿಗೆ ಸಂಘದ ನೆಲದಲ್ಲೇ ಗೋರಿ. ತನ್ನ ಮಣ್ಣು ಸೇರದವನ ಆತ್ಮಕ್ಕೆ ನೆಮ್ಮದಿಯಿಲ್ಲವೆಂದು ನಂಬಿದ ಜನಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿರಲಿಲ್ಲ.

ಈ ಸ್ಮಶಾನ ಫ್ರೆಂಚರ ವಸತಿಯ ಎಲ್ಲೆಯೊಳಗೆ ಬಿತ್ತು. 1874ರಲ್ಲಿ ಫ್ರೆಂಚರು ಅದರ ಮೂಲಕ ರಸ್ತೆ ಹಾಯಿಸಲು ಹೊರಟರು. ನಿಂಗ್‌ಬೋದವರು ಎದುರು ನಿಂತರು. ಗಲಭೆಯಾಗಿ ಹಲವರು ಪ್ರಾಣ ಕಳೆದುಕೊಂಡರು. ಫ್ರೆಂಚರು ರಸ್ತೆಯ ಯೋಜನೆಯನ್ನು ಕೈಬಿಡಬೇಕಾಯಿತು. 1898ರಲ್ಲಿ ಶಾಲೆ, ಆಸ್ಪತ್ರೆಗಳಿಗೆ ನೆಲ ಬೇಕೆಂದು ಪುನಃ ಬಂದರು. ಈ ಸಲ ಫ್ರೆಂಚ್ ನಾವಿಕರು ಇಳಿದು ಗೋಡೆ ಕೆಡವಿದರು, ಗುಂಡು ಹಾರಿತು, ಇನ್ನೂ ಹೆಚ್ಚು ಮಂದಿ ಸತ್ತರು. ನಿಂಗ್‌ಬೋದ ವರ್ತಕರು ಅಂಗಡಿ ಮುಚ್ಚಿದರು. ಪರದೇಶಿಗಳ ಮನೆಯಲ್ಲಿ ಅಡಿಗೆ ಮಾಡುವ, ಬಟ್ಟೆ ಒಗೆಯುವ ನಿಂಗ್‌ಬೋದವರು ಕೆಲಸ ಬಿಟ್ಟು ಹೊರನಡೆದರು. ಸಂಘದ ಆಡಳಿತ ಶ್ರೀಮಂತ ವರ್ತಕರ ಕೈಯಲ್ಲಿತ್ತೆಂಬುದು ನಿಜ. ಆದರೆ ಆ ದಿನ ಸಂಘವನ್ನು ಉಳಿಸಿದವರು ಅಗಸರು, ಅಡಿಗೆಯವರು, ಕೂಲಿಗಳು. ಬಾಗಿಲು ಸಂಘದವರದಾಗಿಯೇ ಉಳಿಯಿತು. ಕಾಲಕ್ರಮದಲ್ಲಿ ಸತ್ತವರ ಜೊತೆಗೆ ಬದುಕಿರುವವರ ಕಡೆಗೂ ಗಮನ ಹರಿದು, 1906ರಲ್ಲಿ ಸಂಘದ ಔಷಧಾಲಯ ಹುಟ್ಟಿತು. ಅದು ಸಿಮಿಂಗ್ ಆಸ್ಪತ್ರೆಯಾಗಿ ಬೆಳೆದು, ಇಂದು ಶುಗ್ವಾಂಗ್ ಆಸ್ಪತ್ರೆಯೆಂಬ ಹೆಸರಿನಲ್ಲಿ ಚೀನೀ ವೈದ್ಯಪದ್ಧತಿಯ ದೊಡ್ಡ ಆಸ್ಪತ್ರೆಗಳಲ್ಲೊಂದಾಗಿದೆ.

ಅದೇ ನಿಂಗ್‌ಬೋದವರು 1908ರಲ್ಲಿ ಸಿಮಿಂಗ್ ಬ್ಯಾಂಕನ್ನೂ ತೆರೆದರು. ಅದು ತನ್ನದೇ ನೋಟುಗಳನ್ನು ಹೊರಡಿಸುತ್ತಿತ್ತು. ಬ್ಯಾಂಕಿನ ಮೇಲೆ ಅಪನಂಬಿಕೆ ಹುಟ್ಟಿ ಜನ ನೋಟು ಹಿಡಿದು ಬೆಳ್ಳಿಗಾಗಿ ಸಾಲುಗಟ್ಟಿದಾಗಲೆಲ್ಲ ಊರಿನ ನಿಂಗ್‌ಬೋ ಅಂಗಡಿಯವರು ಆ ನೋಟುಗಳನ್ನು ತಮ್ಮ ಗಲ್ಲೆಯಲ್ಲಿ ಮರುಮಾತಿಲ್ಲದೆ ಸ್ವೀಕರಿಸಿ, ಓಡಾಟವನ್ನು ನಿಲ್ಲಿಸುತ್ತಿದ್ದರು. ಬ್ಯಾಂಕಿಗೆ ಆಸ್ತಿಯೆಂದರೆ ಲೆಕ್ಕಪತ್ರದಲ್ಲಿ ಕಾಣುವುದಷ್ಟೇ ಎಂದುಕೊಂಡವರು ಇದನ್ನು ಗಮನಿಸಬಹುದು. ಸ್ಥಾಪಕರಲ್ಲೊಬ್ಬನಾದ ಯು ಶಿಯಾಚಿಂಗ್ ಹರೆಯದಲ್ಲೇ ಬಣ್ಣದ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಬಂದವನು. ತಾಯಿ ಹೊಲಿದುಕೊಟ್ಟ ಬಟ್ಟೆಯ ಜೋಡು ಮಳೆಯಲ್ಲಿ ಕೆಡದಿರಲೆಂದು ಅದನ್ನು ಕಂಕುಳಲ್ಲಿಟ್ಟುಕೊಂಡು ಬರಿಗಾಲಿನಲ್ಲಿ ಅಂಗಡಿಗೆ ಬಂದನೆಂದು ಕಥೆ ಹೇಳುತ್ತಾರೆ. ಹಡಗು ಕಂಪನಿಗಳ ಒಡೆಯನಾದ ಆತನ ಹೆಸರನ್ನು 1936ರಲ್ಲಿ ಅಂತರರಾಷ್ಟ್ರೀಯ ವಸತಿಯ ಒಂದು ಹೆದ್ದಾರಿಗೇ ಇಟ್ಟರು.

ಎಲ್ಲ ವಲಸೆಗಾರರಿಗೂ ಊರು ಹೀಗೆ ಒಲಿಯಲಿಲ್ಲ. ಕ್ಯಾಂಟನ್ ಕಡೆಯವರು ನಾನ್‌ಜಿಂಗ್ ರಸ್ತೆಯಲ್ಲಿ ಭಾರಿ ಅಂಗಡಿಗಳನ್ನು ಕಟ್ಟಿ ಮೆರೆದರು. ಯಾಂಗ್‌ತ್ಸೆ ನದಿಯ ಉತ್ತರದ ‘ಸುಬೇ’ ಸೀಮೆಯಿಂದ ನೆರೆ, ಬರಗಳಿಂದ ತತ್ತರಿಸಿ ಬಂದವರಿಗೆ ಸಿಕ್ಕಿದ್ದು ರಿಕ್ಷಾ ಎಳೆಯುವ, ಕ್ಷೌರದ, ಮಲ ಹೊರುವ ಕೆಲಸಗಳು. ಅವರ ಮಾತಿನ ಧಾಟಿಯನ್ನು ಅಣಕಿಸುವುದು ಊರಿನ ರೂಢಿಯಾಯಿತು. ‘ಸುಬೇಯವನು’ ಎಂಬುದು ಬೈಗುಳವೇ ಆಗಿ ಬಹುಕಾಲ ಉಳಿಯಿತು. ಬೈಯುತ್ತಿದ್ದವರ ಅಜ್ಜಂದಿರೂ ಹೊರಗಿನಿಂದ ಬಂದವರೇ ಎಂಬುದನ್ನು ಎಲ್ಲ ಮಹಾನಗರಗಳಂತೆ ಈ ನಗರವೂ ಮರೆತಿತ್ತು.

ಮರೆಯದೆ ಉಳಿಸಿಕೊಂಡದ್ದು ಭಾಷೆ. ಶಾಂಘೈಯವರು ತಮ್ಮ ಆಡುಮಾತಿನಲ್ಲಿ ‘ನಾವು’ ಎನ್ನಲು ‘ಆಲಾ’ ಎನ್ನುತ್ತಾರೆ. ಅಪ್ಪಟ ಶಾಂಘೈಯವನೆಂದು ಎದೆತಟ್ಟಿಕೊಳ್ಳುವಾಗ ಬಾಯಿಗೆ ಬರುವ ಮೊದಲ ಮಾತೇ ಅದು. ಆದರೆ ಅದು ಮೂಲದಲ್ಲಿ ಶಾಂಘೈಯದಲ್ಲ, ನಿಂಗ್‌ಬೋದ ವಲಸೆಗಾರರು ತಂದದ್ದು!

ನಡೆದು ದಣಿದವರಿಗೆ ಹಸಿವಿನ ಯೋಚನೆ ಬರುತ್ತದೆ. ಮಾಂಸಾಹಾರಿಗಳಿಗೆ ಚಿಂತೆಯಿಲ್ಲ. ಸಸ್ಯಾಹಾರಿಗಳು ತಿಳಿದಿರಬೇಕಾದದ್ದು, ಬರಿಯ ಸೊಪ್ಪಿನ ಪಲ್ಯಕ್ಕೂ ಹಂದಿಯ ಕೊಬ್ಬು ಹಾಕುವುದುಂಟು. ಬೌದ್ಧರ ಶುದ್ಧ ಸಸ್ಯಾಹಾರಕ್ಕೆ ಅಲ್ಲಿ ‘ಸು’ ಎಂದು ಹೆಸರು. ಆ ಒಂದು ಅಕ್ಷರವನ್ನು ಚೀನೀ ಲಿಪಿಯಲ್ಲಿ ಬರೆಯಿಸಿ ಜೇಬಿನಲ್ಲಿಟ್ಟುಕೊಂಡರೆ ಉಪವಾಸ ತಪ್ಪುತ್ತದೆ. ನಾನ್‌ಜಿಂಗ್ ಪಶ್ಚಿಮ ರಸ್ತೆಯ ‘ಗೊಂಗ್‌ದೆಲಿನ್’ 1922ರಿಂದ ನಡೆದುಬಂದ ಇಂಥ ಭೋಜನಶಾಲೆ. ಕುಡಿಯಲು ಎಲ್ಲೆಡೆ ಕುದಿಸಿದ ಬಿಸಿನೀರು ಕೊಡುತ್ತಾರೆ. ನಮ್ಮ ಹೊಟ್ಟೆಗೂ ಅದು ಹಿತ. ಹಣವನ್ನು ಕೈಯಿಂದ ಕೈಗೆ ಕೊಡುವುದು ಅಲ್ಲಿ ಅಪರೂಪವಾಗಿದೆ. ತರಕಾರಿ ಮಾರುವವಳೂ ಮೊಬೈಲಿನಲ್ಲೇ ಪಡೆಯುತ್ತಾಳೆ. ಜೂನ್ ಮಧ್ಯದಿಂದ ಜಿಟಿಜಿಟಿ 'ಪ್ಲಮ್ ಮಳೆ', ಆಮೇಲೆ ಉರಿಬಿಸಿಲು. ಅಕ್ಟೋಬರ್, ನವೆಂಬರ್ ನಡೆದಾಡುವವರಿಗೆ ಪ್ರಶಸ್ತ.

ಕೊನೆಯ ದಿನ ನದಿ ದಾಟಬೇಕು. 1993ರಲ್ಲಿ ಒಂದೇ ಮಾರ್ಗದಿಂದ ಆರಂಭವಾದ ಮೆಟ್ರೊ ಈಗ 800 ಕಿಲೊಮೀಟರಿಗೂ ಮೀರಿ ಹಬ್ಬಿದೆ; ನದಿಯ ಅಡಿಯಿಂದ ಕೆಲವೇ ನಿಮಿಷಗಳಲ್ಲಿ ಪುದೊಂಗಿಗೆ ಒಯ್ಯುತ್ತದೆ. ಕ್ರಾಂತಿಯ ಬಳಿಕ ಮುಚ್ಚಿದ್ದ ಶೇರುಪೇಟೆ 1990ರ ಡಿಸೆಂಬರಿನಲ್ಲಿ ಪುನಃ ತೆರೆದದ್ದು ಈಚೆ ದಡದ ಹಳೆಯ ಆಸ್ಟರ್ ಹೌಸ್ ಹೋಟೆಲಿನ ನೃತ್ಯಶಾಲೆಯಲ್ಲಿ. ಈಗ ಅದು ಪುದೊಂಗಿನ ಭವ್ಯ ಕಟ್ಟಡದಲ್ಲಿದೆ. ಗೋಪುರಗಳ ತುದಿಯಿಂದ ಕಾಣುವ ಊರು ಬೆರಗು ಹುಟ್ಟಿಸುತ್ತದೆ, ನಿಜ. ಅದನ್ನು ಕಟ್ಟಿದವರ ಲೆಕ್ಕವನ್ನೂ ನೋಡಬೇಕು. 2020ರ ಜನಗಣತಿಯಂತೆ ಶಾಂಘೈಯ ಜನಸಂಖ್ಯೆ 2 ಕೋಟಿ 48 ಲಕ್ಷ. ಅದರಲ್ಲಿ 1 ಕೋಟಿ 4 ಲಕ್ಷ ಮಂದಿ ಬೇರೆ ಪ್ರಾಂತಗಳವರು. ಕಟ್ಟಡದ ಕೂಲಿ, ಮನೆಗೆಲಸ, ಊಟದ ಪೊಟ್ಟಣ ಹೊತ್ತು ಸ್ಕೂಟರಿನಲ್ಲಿ ಧಾವಿಸುವುದು ಹೆಚ್ಚಾಗಿ ಅವರ ಪಾಲು. ಚೀನದಲ್ಲಿ 1958ರಿಂದ ಪ್ರತಿಯೊಬ್ಬನಿಗೂ ‘ಹುಕೌ’ ಎಂಬ ವಾಸಸ್ಥಾನದ ದಾಖಲೆಯಿದೆ. ಊರು ಬಿಟ್ಟು ಎಷ್ಟು ವರ್ಷವಾದರೂ ಅದು ಹುಟ್ಟೂರಿನದಾಗಿಯೇ ಉಳಿಯುವುದು ಸಾಮಾನ್ಯ. ವಿದ್ಯೆ, ವಯಸ್ಸು, ಉದ್ಯೋಗ, ವಿಮೆಯ ಕಂತುಗಳಿಗೆ ಅಂಕ ಎಣಿಸಿ 120 ತಲುಪಿದವರ ಮಕ್ಕಳು ಶಾಂಘೈಯಲ್ಲಿ ಕಾಲೇಜು ಪ್ರವೇಶದ ಪರೀಕ್ಷೆಗೆ ಕೂಡಬಹುದು. ಅಷ್ಟು ಅಂಕವಿಲ್ಲದ ಕೂಲಿಯ ಮಗ, ಶಾಂಘೈಯಲ್ಲೇ ಹುಟ್ಟಿ ಬೆಳೆದವನಾದರೂ, ಪರೀಕ್ಷೆಗೆಂದು ತಾನು ಕಾಣದ ಹುಟ್ಟೂರಿಗೆ ಹೋಗಬೇಕು. ನಿಂಗ್‌ಬೋದ ಬರಿಗಾಲ ಹುಡುಗನಿಗೆ ಇದ್ದಂಥ ಸಂಘ ಇವನಿಗೆ ಇಲ್ಲ. ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ನಮ್ಮ ಹಿರಿಯರನ್ನು ಯಾರೂ ಪರೀಕ್ಷೆಗೆ ಊರಿಗೆ ಅಟ್ಟಲಿಲ್ಲ.

ವಿಚಿತ್ರವೆಂದರೆ ಈಗ ಹಳೆಯ ಶಾಂಘೈಯವರಿಗೂ ಒಂದು ಕೊರಗು ಅಂಟಿಕೊಂಡಿದೆ. ಶಾಲೆಗಳಲ್ಲಿ ರಾಷ್ಟ್ರಭಾಷೆಯೊಂದೇ ನಡೆಯುವುದರಿಂದ ಅವರ ಮಕ್ಕಳಿಗೆ ಮನೆಮಾತು ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅಜ್ಜಿ ಶಾಂಘೈ ಮಾತಿನಲ್ಲಿ ಕೇಳಿದರೆ ಮೊಮ್ಮಗ ರಾಷ್ಟ್ರಭಾಷೆಯಲ್ಲಿ ಉತ್ತರಿಸುತ್ತಾನೆ. 2023ರ ಕೊನೆಯಲ್ಲಿ, ತೊಂಬತ್ತರ ದಶಕದ ಶೇರುಪೇಟೆಯ ಕಥೆಯುಳ್ಳ ದೂರದರ್ಶನ ಧಾರಾವಾಹಿಯೊಂದು ಶಾಂಘೈ ಮಾತಿನಲ್ಲಿಯೂ ಪ್ರಸಾರವಾದಾಗ ಊರಿಗೆ ಊರೇ ಅದನ್ನು ಕುಳಿತು ನೋಡಿತು. ನಗರದ ಕೆಲವು ಬಸ್ಸುಗಳಲ್ಲಿ ಈಗಲೂ ಮುಂದಿನ ನಿಲ್ದಾಣದ ಹೆಸರನ್ನು ರಾಷ್ಟ್ರಭಾಷೆಯಲ್ಲಿ ಕೂಗಿದ ಮೇಲೆ ಶಾಂಘೈ ಮಾತಿನಲ್ಲಿ ಇನ್ನೊಮ್ಮೆ ಕೂಗುತ್ತಾರೆ. ಮುದುಕರು ಅದನ್ನು ಕೇಳಿ ಇಳಿಯಲು ಏಳುತ್ತಾರೆ.